ಡಾಲಸ್ ಚಳಿಯಲ್ಲಿ ಕರಿಬೇವು, ಮಲ್ಲಿಗೆ ಉಳಿಸಿಕೊಳ್ಳುವುದು: ಹೊಸಬರಿಗೆ ಮಾರ್ಗದರ್ಶಿ

ಡಾಲಸ್–ಫೋರ್ಟ್‌ವರ್ತ್ ಕಡೆಗೆ ಹೊಸದಾಗಿ ಬಂದವರು ಬೇಸಿಗೆಯಲ್ಲಿ ಕನ್ನಡ ಸಂಘದವರನ್ನು ಕೇಳುವುದು, ಕರಿಬೇವಿನ ಸಸಿ ಎಲ್ಲಿ ಸಿಗುತ್ತೆ ಅಂತ. ಅವರೇ ಡಿಸೆಂಬರಿನಲ್ಲಿ ಫೋಟೊ ಕಳಿಸಿ, ಇದು ಬದುಕಿದೆಯಾ ಹೋಯಿತಾ ಅಂತ ಕೇಳುತ್ತಾರೆ. ಆ ಎರಡನೇ ಪ್ರಶ್ನೆ ಬರದಿರಲಿ ಅಂತಲೇ ಈ ಬರಹ.

ಇಲ್ಲಿನ ಚಳಿ ಷಿಕಾಗೊದ ಚಳಿಯ ಹಾಗೆ ತಿಂಗಳುಗಟ್ಟಲೆ ಠಿಕಾಣಿ ಹೂಡುವುದಿಲ್ಲ. ಜನವರಿಯಲ್ಲೂ ಸ್ವೆಟರ್ ಬೇಡ ಅನ್ನಿಸುವ ಮಧ್ಯಾಹ್ನಗಳಿವೆ. ಅಪಾಯವೂ ಅದರಲ್ಲೇ ಇದೆ. ಬೆಳಗ್ಗೆ 70 ಡಿಗ್ರಿ ಫ್ಯಾರನ್‌ಹೀಟ್ ಇದ್ದದ್ದು ಬಡಗಣ ಗಾಳಿ ನುಗ್ಗಿತೆಂದರೆ ರಾತ್ರಿಯೊಳಗೆ 30ರ ಆಸುಪಾಸಿಗೆ ಬೀಳುತ್ತದೆ. ಟೆಕ್ಸಸ್‌ನವರು ಇದನ್ನು ‘ಬ್ಲೂ ನಾರ್ದರ್’ ಅನ್ನುತ್ತಾರೆ. ಬಿಸಿಲಿಗೆ ಮೈಮರೆತು ಚಿಗುರಿದ ಗಿಡಕ್ಕೆ ಹೊಂದಿಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲ. ಬೆಂಗಳೂರಿನ ದಾಖಲೆಯಲ್ಲಿರುವ ಅತಿ ಕಡಿಮೆ ತಾಪಮಾನ 1884ರ ಜನವರಿಯ 7.8 ಡಿಗ್ರಿ ಸೆಲ್ಸಿಯಸ್, ಇಲ್ಲಿನ ಲೆಕ್ಕದಲ್ಲಿ 46. ಡಾಲಸ್–ಫೋರ್ಟ್‌ವರ್ತ್ ವಿಮಾನ ನಿಲ್ದಾಣದಲ್ಲಿ 2021ರ ಫೆಬ್ರವರಿ 16ರಂದು ಸೊನ್ನೆಗಿಂತ 2 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ ಇಳಿದಿತ್ತು, ಅಂದರೆ ಮೈನಸ್ 19 ಸೆಲ್ಸಿಯಸ್. ಅಂಥ ವರ್ಷ ಅಪರೂಪ. ಆದರೆ ನಮ್ಮ ಊರಿನ ಗಿಡಗಳಿಗೆ ಇಲ್ಲಿನ ಸಾಧಾರಣ ಚಳಿಗಾಲವೇ ಹೊಸದು.

ಮೊದಲ ಹೆಪ್ಪುಗಟ್ಟುವ ರಾತ್ರಿ ಸಾಮಾನ್ಯವಾಗಿ ನವೆಂಬರಿನ ಎರಡನೇ ಭಾಗದಲ್ಲಿ ಬರುತ್ತದೆ, ಕೊನೆಯದು ಮಾರ್ಚ್ ಮಧ್ಯದ ಸುಮಾರಿಗೆ. ನಮ್ಮವರು ಇಟ್ಟುಕೊಂಡಿರುವ ಸುಲಭ ಲೆಕ್ಕ: ದೀಪಾವಳಿಗೆ ಒಳಗೆ, ಯುಗಾದಿಗೆ ಹೊರಗೆ. ಹಬ್ಬ ಹಿಂದೆಮುಂದಾದ ವರ್ಷ ಫೋನಿನಲ್ಲಿ ಹವಾಮಾನ ನೋಡಿಕೊಳ್ಳಿ, ಅಷ್ಟೆ.

ಯಾವುದು ಒಳಗೆ, ಯಾವುದು ಹೊರಗೆ

ಎಲ್ಲವನ್ನೂ ಉಳಿಸಲು ಹೋಗಬೇಡಿ. ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಹದಿನೈದು ಕುಂಡ ತಂದಿಟ್ಟರೆ ಮಕ್ಕಳು ಓಡಾಡಲೂ ಜಾಗವಿರುವುದಿಲ್ಲ. ಒಳಗೆ ಬರಲೇಬೇಕಾದದ್ದು ಕರಿಬೇವು, ದುಂಡು ಮಲ್ಲಿಗೆ ಮತ್ತು ಒಂದು ತುಳಸಿ. ಉಳಿದ ತುಳಸಿಯ ಒಣಗಿದ ತೆನೆ ಉಜ್ಜಿ ಬೀಜ ತೆಗೆದಿಡಿ, ಫೆಬ್ರವರಿ ಕೊನೆಗೆ ಒಳಗೇ ಬಿತ್ತಿದರಾಯಿತು. ದೊಡ್ಡಪತ್ರೆಯ ನಾಲ್ಕು ಕಡ್ಡಿ ಮುರಿದು ಲೋಟದ ನೀರಿನಲ್ಲಿಟ್ಟರೆ ಅಡುಗೆಮನೆ ಕಿಟಕಿಯಲ್ಲೇ ಬೇರು ಬಿಡುತ್ತದೆ. ಬಸಳೆಯ ಆಸೆ ಬಿಡಿ. ಒಂದು ಹಿಮದ, ಅಂದರೆ ನೀರು ಹೆಪ್ಪುಗಟ್ಟುವ ಚಳಿಯ, ರಾತ್ರಿ ಸಾಕು: ಬೆಳಗ್ಗೆ ಎಲೆ ಗಾಜಿನ ಹಾಗೆ ಪಾರದರ್ಶಕವಾಗಿ ಕಾಣುತ್ತದೆ, ಹತ್ತು ಗಂಟೆಯ ಹೊತ್ತಿಗೆ ಕಪ್ಪಾಗಿ ಜೋತುಬೀಳುತ್ತದೆ. ಬೀಜ ಮಾತ್ರ ಮೊದಲೇ ಕೂಡಿಡಿ.

ನೆಲದಲ್ಲಿ ನೆಟ್ಟ ನುಗ್ಗೆಯನ್ನು ಮೊದಲ ಹಿಮ ಬಿದ್ದ ಮೇಲೆ ಮೊಣಕಾಲೆತ್ತರಕ್ಕೆ ಕಡಿದು, ಬುಡಕ್ಕೆ ಒಂದಡಿ ದಪ್ಪ ತರಗೆಲೆಯೋ ಹುಲ್ಲೋ ಪೇರಿಸಿ. ಚಳಿ ಹದವಾಗಿದ್ದರೆ ಏಪ್ರಿಲಿನಲ್ಲಿ ಬುಡದಿಂದ ಚಿಗುರುತ್ತದೆ. ಜೋರಾಗಿದ್ದರೆ ಹೋಗುತ್ತದೆ, ಆ ಜೂಜಿಗೆ ಸಿದ್ಧರಿರಿ. ನರ್ಸರಿಯಲ್ಲಿ ‘ಸ್ಟಾರ್ ಜಾಸ್ಮಿನ್’ ಅಂತ ಮಾರುವ ಬಳ್ಳಿ ಚಳಿ ತಡೆಯುತ್ತದೆ, ಹೂವೂ ಘಮ್ಮೆನ್ನುತ್ತದೆ. ಆದರೆ ಅದು ಮಲ್ಲಿಗೆಯ ಜಾತಿಯಲ್ಲ, ಮುಡಿಯಲು ಮಾಲೆ ಕಟ್ಟುವ ಆಸೆಯಿಂದ ಕೊಳ್ಳಬೇಡಿ.

ಅವರೆ ಹಾಕಿದವರಿಗೆ ಒಂದು ಮಾತು. ನಾಟಿ ಅವರೆ ಹಗಲು ಕುಗ್ಗಿದ ಮೇಲೆಯೇ ಹೂ ಬಿಡುವ ಬಳ್ಳಿ. ಬೆಂಗಳೂರಲ್ಲಿ ಅದು ಡಿಸೆಂಬರ್–ಜನವರಿಯ ಸೊಗಡವರೆಯಾಗಿ ಬುಟ್ಟಿ ತುಂಬುತ್ತದೆ. ಇಲ್ಲಿ ಅಕ್ಟೋಬರಿನಲ್ಲಿ ಹೂವು ಬಂದು, ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ಹಿಮ ಬೀಳುತ್ತದೆ. ಸಮಾಧಾನವೆಂದರೆ ಮೊದಲ ಹಿಮದ ನಂತರ ಎಷ್ಟೋ ವರ್ಷ ಎರಡು ಮೂರು ವಾರ ಹಿತವಾದ ಬಿಸಿಲು ಇರುತ್ತದೆ. ಆ ಒಂದೆರಡು ರಾತ್ರಿ ಬಳ್ಳಿಗೆ ಹೊದಿಕೆ ಹಾಕಿ ದಾಟಿಸಿದರೆ ಹುಳಿಗಾಗುವಷ್ಟು ಕಾಳು ಸಿಕ್ಕೀತು. ಇನ್ನು ಕೊತ್ತಂಬರಿ, ಮೆಂತ್ಯ, ಪಾಲಕ್, ಮೂಲಂಗಿಗೆ ಈ ಚಳಿಯೇ ಸುಗ್ಗಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಬಿತ್ತಿ. ಏಪ್ರಿಲ್ ಬಿಸಿಲು ಏರಿದರೆ ಕೊತ್ತಂಬರಿ ಹೂವಿಗೆ ಹೋಗಿಬಿಡುತ್ತದೆ.

ಹೊದಿಸುವ ವಿಧಾನ

ಹವಾಮಾನ ಇಲಾಖೆಯ ಫ್ರೀಜ್ ವಾರ್ನಿಂಗ್ ಫೋನಿಗೆ ಬಂದ ದಿನ ಮಧ್ಯಾಹ್ನವೇ ನೆಲದ ಗಿಡಗಳಿಗೆ ಚೆನ್ನಾಗಿ ನೀರು ಹಾಕಿ. ಒದ್ದೆ ಮಣ್ಣು ಹಗಲಿನ ಶಾಖ ಹಿಡಿದಿಟ್ಟು ರಾತ್ರಿ ಬಿಡುತ್ತದೆ, ಒಣ ಮಣ್ಣಿಗೆ ಆ ಶಕ್ತಿ ಕಡಿಮೆ. ಹಳೆಯ ಬೆಡ್‌ಶೀಟ್, ಕಂಬಳಿ, ಅಂಗಡಿಯಲ್ಲಿ ಸಿಗುವ ಫ್ರಾಸ್ಟ್ ಕ್ಲಾತ್, ಯಾವುದಾದರೂ ಆದೀತು. ಮುಖ್ಯ ವಿಷಯ, ಬಟ್ಟೆ ನೆಲ ಮುಟ್ಟಬೇಕು, ಅಂಚಿಗೆ ಇಟ್ಟಿಗೆ ಇಡಬೇಕು. ಅನೇಕರು ಗಿಡದ ತಲೆಗೆ ಬಟ್ಟೆ ಸುತ್ತಿ ಕಾಂಡಕ್ಕೆ ದಾರ ಕಟ್ಟುತ್ತಾರೆ. ಬೆಚ್ಚಗೆ ಮಾಡುವುದು ನೆಲದಿಂದ ಏಳುವ ಶಾಖ. ದಾರ ಕಟ್ಟಿದರೆ ಅದು ಗಿಡಕ್ಕೆ ತಲುಪುವುದೇ ಇಲ್ಲ. ಪ್ಲಾಸ್ಟಿಕ್ ಎಲೆಗೆ ತಾಗಿದರೆ ತಾಗಿದಲ್ಲೆಲ್ಲ ಸುಡುತ್ತದೆ, ಹಾಕಲೇಬೇಕಿದ್ದರೆ ಬಟ್ಟೆಯ ಮೇಲೆ ಹಾಕಿ. ಬಿಸಿಲು ಬಂದ ಮೇಲೆ ತೆಗೆಯಲು ಮರೆಯಬೇಡಿ. ತೆಳು ಬಟ್ಟೆಯಿಂದ ಕೆಲವೇ ಡಿಗ್ರಿ ಉಳಿತಾಯ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗೆ ಅಷ್ಟು ಸಾಕು, ಗಾಳಿ ಬೀಸುವ ರಾತ್ರಿಗೆ ಸಾಲದು. ಹೊದಿಕೆಯೊಳಗೆ ಹಳೆಯ ಕಾಲದ ತಂತಿ ಬಲ್ಬಿನ ಸರ ಬಿಟ್ಟರೆ ಬೆಚ್ಚಗಿರುತ್ತದೆ, ಬಲ್ಬು ಬಟ್ಟೆಗೆ ತಾಗದಂತೆ ನೋಡಿಕೊಳ್ಳಿ. ಎಲ್ಇಡಿ ಸರದಿಂದ ಅಲಂಕಾರ ಬಿಟ್ಟರೆ ಬೇರೇನೂ ಇಲ್ಲ.

ಕುಂಡದ ಗಿಡಕ್ಕೆ ಅಪಾಯ ಹೆಚ್ಚು, ಬೇರಿಗೆ ಸುತ್ತಲಿಂದಲೂ ಚಳಿ ತಾಗುತ್ತದೆ. ಒಂದೆರಡು ರಾತ್ರಿಗೆ ಗರಾಜ್ ಸಾಕು, ಕತ್ತಲಲ್ಲಿ ವಾರಗಟ್ಟಲೆ ಇಡಬೇಡಿ. ಅಲ್ಲಿ ಬೆಚ್ಚಗಾಗಲಿ ಅಂತ ಗ್ಯಾಸ್ ಹೀಟರ್, ಇದ್ದಿಲ ಗ್ರಿಲ್, ಜನರೇಟರ್ ಖಂಡಿತ ಹಚ್ಚಬೇಡಿ. 2021ರಲ್ಲಿ ಟೆಕ್ಸಸ್‌ನಲ್ಲಿ ಕರೆಂಟ್ ಹೋದಾಗ ಹೀಗೆ ಮಾಡಿ ಕಾರ್ಬನ್ ಮಾನಾಕ್ಸೈಡ್‌ನಿಂದ ಜೀವ ಕಳೆದುಕೊಂಡವರಿದ್ದಾರೆ. ಫ್ರೀಜ್ ವಾರ್ನಿಂಗ್ ಬಂದ ಸಂಜೆಯೇ ಹಿತ್ತಲ ನಲ್ಲಿಯಿಂದ ಹೋಸ್ ಪೈಪು ಬಿಚ್ಚಿ, ನಲ್ಲಿಗೆ ಟೋಪಿ ಹಾಕಿ, ಸ್ಪ್ರಿಂಕ್ಲರ್ ಆಫ್ ಮಾಡಿ.

ಮನೆಯೊಳಗಿನ ಕರಿಬೇವು

ರಾತ್ರಿ 50 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಯಲು ಶುರುವಾದಾಗ, ಹೀಟರ್ ಹಾಕುವ ಮೊದಲೇ ಒಳಗೆ ತನ್ನಿ. ತರುವ ಮುನ್ನ ಎಲೆಯಡಿ ನೋಡಿ. ಬಿಳಿ ಹಿಟ್ಟುತಿಗಣೆ ಕಂಡರೆ ನೀರಿನಿಂದ ಜೋರಾಗಿ ತೊಳೆದು, ಗಿಡಗಳಿಗೆಂದೇ ಸಿಗುವ ಸೋಪಿನ ದ್ರಾವಣ ಸಿಂಪಡಿಸಿ. ದಕ್ಷಿಣದ ಕಿಟಕಿ ಉತ್ತಮ, ಇಲ್ಲದಿದ್ದರೆ ಗ್ರೋ ಲೈಟ್ ಇಡಿ. ಹೀಟರ್ ಗಾಳಿ ನೇರವಾಗಿ ಬಡಿಯುವ ಜಾಗ ಬೇಡ, ಆ ಒಣಗಾಳಿಗೆ ಎಲೆಯಡಿ ಜೇಡನುಸಿಯ ಸಣ್ಣ ಬಲೆ ಕಟ್ಟುತ್ತದೆ. ಎಲೆ ಹಳದಿಯಾಗಿ ಉದುರಿತೆಂದು ಗಾಬರಿಯಿಂದ ನೀರು ಸುರಿಯಬೇಡಿ. ಚಳಿಗೆ ಎಲೆ ಉದುರಿಸುವುದು ಅದರ ಸ್ವಭಾವ. ಬೋಳು ಗಿಡ ಸಾಯುವುದು ಹೆಚ್ಚಾಗಿ ಅತಿ ನೀರಿಗೆ, ಬೇರು ಕೊಳೆತು. ಬೆರಳು ಒಂದಿಂಚು ಇಳಿಸಿ, ಒಣಗಿದ್ದರೆ ಮಾತ್ರ ಹಾಕಿ.

ಊರಿಂದ ಸಸಿ, ಬೀಜ ಸೂಟ್‌ಕೇಸಿನಲ್ಲಿ ತರಬೇಡಿ, ಅದಕ್ಕೆ ಪರವಾನಗಿ, ಪ್ರಮಾಣಪತ್ರ ಬೇಕು. ಕರಿಬೇವಿನಲ್ಲಿ ಬೆಳೆಯುವ ಸಿಲಿಡ್ ಎಂಬ ಕೀಟ ಕಿತ್ತಳೆ, ನಿಂಬೆ ತೋಟಗಳಿಗೆ ಮಾರಕ ರೋಗ ಹರಡುತ್ತದೆ, ಆದ್ದರಿಂದ ಇಲ್ಲಿ ಬಿಗಿ ಜಾಸ್ತಿ. ಟೆಕ್ಸಸ್ ಒಳಗಿನ ನರ್ಸರಿಯಿಂದಲೇ ಕೊಳ್ಳಿ.

ನುಗ್ಗೆಯೊಂದನ್ನು ಬಿಟ್ಟು, ಹಿಮ ಹೊಡೆದ ಬೇರೆ ಗಿಡವನ್ನು ಮರುದಿನವೇ ಸವರಬೇಡಿ. ನೋಡಲು ಹೀನಾಯವಾಗಿದ್ದರೂ ಆ ಒಣಕಡ್ಡಿಯೇ ಕೆಳಗಿನ ಜೀವಕ್ಕೆ ಮರೆ. ಈಗ ಕತ್ತರಿಸಿ, ನಡುವೆ ನಾಲ್ಕು ದಿನ ಸೆಕೆಯಾಗಿ ಚಿಗುರೊಡೆದರೆ ಮುಂದಿನ ಹಿಮ ಅದನ್ನೂ ಒಯ್ಯುತ್ತದೆ. ಮಾರ್ಚ್ ಕಳೆಯುವವರೆಗೆ ಕಾದು, ಉಗುರಿನಿಂದ ತೊಗಟೆ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವವಿದೆ, ಕಂದಾಗಿದ್ದರೆ ಇನ್ನಷ್ಟು ಕೆಳಗೆ ಕೆರೆದು ನೋಡಿ, ಹಸಿರು ಸಿಕ್ಕಲ್ಲಿಗೆ ಕತ್ತರಿಸಿ. ಯುಗಾದಿಗೆ ಹೊರಗಿಟ್ಟ ಕುಂಡಗಳು ಮೊದಲ ವಾರ ನೆರಳಲ್ಲೇ ಇರಲಿ. ಕಿಟಕಿ ಬೆಳಕಿಗೆ ಒಗ್ಗಿದ ಎಲೆ ನೇರ ಬಿಸಿಲಿಗೆ ಬೆಳ್ಳಗೆ ಸುಟ್ಟುಹೋಗುತ್ತದೆ.