ಎರಡನೇ ಸಿಮ್ ಬೇರೆ ಟವರಿನದಾಗಿರಲಿ

ಹೊಸನಗರದಲ್ಲಿ ನನ್ನದೊಂದು ರೀಚಾರ್ಜ್ ಮತ್ತು ಮೊಬೈಲ್ ರಿಪೇರಿ ಅಂಗಡಿ ಇದೆ. ಮಳೆಗಾಲ ಹತ್ತಿರ ಬಂತೆಂದರೆ ಮಾಸ್ತಿಕಟ್ಟೆ, ಹುಲಿಕಲ್, ನಿಟ್ಟೂರು, ಸಂಪೇಕಟ್ಟೆ ಕಡೆಯವರು ಬಂದು ಒಂದೇ ಮಾತು ಕೇಳುತ್ತಾರೆ: "ಇನ್ನೊಂದು ಸಿಮ್ ಹಾಕಬೇಕು, ಯಾವುದು ಒಳ್ಳೇದು?" ನಾನು ಕಂಪನಿಯ ಹೆಸರು ಹೇಳುವುದಿಲ್ಲ. "ಈಗಿರುವ ಸಿಮ್ಮಿಗೆ ಸಿಗ್ನಲ್ ಯಾವ ಟವರಿಂದ ಬರುತ್ತದೆ?" ಎಂದು ಕೇಳುತ್ತೇನೆ. ಹೆಚ್ಚಿನವರು ಆ ಕಡೆ ಯೋಚನೆಯೇ ಮಾಡಿರುವುದಿಲ್ಲ.

ಒಂದು ಟವರ್ ಎಂದರೆ ಒಂದೇ ಕಂಪನಿ ಅಂತಲ್ಲ. ಟವರ್ ಕಟ್ಟಿ ಬಾಡಿಗೆಗೆ ಕೊಡುವುದನ್ನೇ ಕೆಲಸ ಮಾಡಿಕೊಂಡ ಕಂಪನಿಗಳಿವೆ. ಏರ್‌ಟೆಲ್, ವಿಐ ಎರಡರ ಆಂಟೆನಾವೂ ಒಂದೇ ಟವರಿನ ಮೇಲೆ ಇರುವುದು ತುಂಬಾ ಸಾಮಾನ್ಯ. ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಯಿತು, ಬ್ಯಾಟರಿ ಇಳಿಯಿತು, ಜನರೇಟರಿನ ಡೀಸೆಲ್ ಮುಗಿಯಿತು ಅನ್ನಿ. ಆ ಟವರಿನ ಮೇಲಿರುವ ಎಲ್ಲ ಕಂಪನಿಯೂ ಒಟ್ಟಿಗೇ ಹೋಗುತ್ತದೆ. ನಿಮ್ಮ ಎರಡೂ ಸಿಮ್ ಅದೇ ಟವರನ್ನು ನಂಬಿಕೊಂಡಿದ್ದರೆ ಎರಡು ರೀಚಾರ್ಜ್ ಸುಮ್ನೆ ದಂಡ. ಎರಡನೆಯದಕ್ಕೆ ಸ್ವಲ್ಪ ಕಡಿಮೆ ಸಿಗ್ನಲ್ ಇದ್ದರೂ ಪರವಾಗಿಲ್ಲ, ಅದು ಬೇರೆ ಗುಡ್ಡದ ಟವರಿನಿಂದ ಬರಲಿ.

ಇದನ್ನು ತಿಳಿಯಲು ಸರ್ಕಾರದ ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಎಂಬ ಪೋರ್ಟಲ್ ಇದೆ. ಅದರಲ್ಲಿ ಮ್ಯಾಪ್ ತೆರೆದು ನಿಮ್ಮ ಊರು ಹುಡುಕಿದರೆ ಸುತ್ತಲಿನ ಟವರ್‌ಗಳು ಕಾಣುತ್ತವೆ. ಆದರೆ ನನಗೆ ಜಾಸ್ತಿ ನಂಬಿಕೆ ಇರುವುದು ಬೇರೆ ಪರೀಕ್ಷೆಯ ಮೇಲೆ. ಕರೆಂಟ್ ಹೋಗಿ ನಾಲ್ಕೈದು ಗಂಟೆ ಆದ ಮೇಲೆ ಅಕ್ಕಪಕ್ಕದ ಮನೆಗಳಲ್ಲಿ ಯಾರ ಫೋನಿಗೆ ಇನ್ನೂ ಸಿಗ್ನಲ್ ಇದೆ, ವಿಚಾರಿಸಿ. ಆ ಹೊತ್ತಿಗೂ ನಿಂತಿರುವ ಕಂಪನಿಯೇ ನಿಮ್ಮ ಎರಡನೇ ಸಿಮ್.

ಸಿಗ್ನಲ್ ಎಷ್ಟಿದೆ ಎಂದು ನೋಡುವಾಗ ಮೇಲಿನ ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಫೋನು ಒಂದೊಂದು ಥರ ತೋರಿಸುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ತೆರೆಯಿರಿ. ಅಲ್ಲಿ ಮೈನಸ್ ಇರುವ ಒಂದು ಸಂಖ್ಯೆ ಕಾಣುತ್ತದೆ. 4ಜಿಯಲ್ಲಿ ಮೈನಸ್ 95ರ ಒಳಗಿದ್ದರೆ ನಿಶ್ಚಿಂತೆ. ಮೈನಸ್ 110 ದಾಟಿದರೆ ಮಾತು ತುಂಡಾಗತೊಡಗುತ್ತದೆ. ಮೈನಸ್ 120ರ ಹತ್ತಿರ ಹೋದರೆ ಆ ಸಿಮ್ ಇದ್ದೂ ಇಲ್ಲದ ಹಾಗೆ. ಜಗಲಿ, ಅಡುಗೆಮನೆ, ಅಂಗಳ, ತೋಟದ ದಾರಿ, ಎಲ್ಲ ಕಡೆ ನೋಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರು ಮಲಗುವ ಕೋಣೆಯಲ್ಲಿ ಮೊದಲು ನೋಡಿ.

ಕಾಡು, ಗುಡ್ಡ ಇರುವಲ್ಲಿ 700, 850, 900 ಮೆಗಾಹರ್ಟ್ಸ್‌ನ ಅಲೆಗಳು ದೂರ ಬರುತ್ತವೆ. 2300ರಂಥವು ಟವರಿನ ಹತ್ತಿರದಲ್ಲೇ ಮುಗಿಯುತ್ತವೆ. 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ, 700ರಲ್ಲೂ ಬರುತ್ತದೆ. ಅದಕ್ಕೆ ಫೋನಿನಲ್ಲಿ ಬ್ಯಾಂಡ್ 28, ಅಂದರೆ ಈ 700ರ ಅಲೆ ಹಿಡಿಯುವ ಸೌಲಭ್ಯ, ಇರಬೇಕು. ಹಳೆಯ ಫೋನುಗಳಲ್ಲಿ ಎಷ್ಟೋ ಸಲ ಇದು ಇರುವುದಿಲ್ಲ. ಆಗ ಪಕ್ಕದವರಿಗೆ 4ಜಿ ಸಿಕ್ಕರೂ ನಿಮಗೆ ಸಿಗದೆ ಹೋಗಬಹುದು, ತಪ್ಪು ಸಿಮ್ಮಿನದಲ್ಲ. ಜಿಯೋಗೆ 2ಜಿ ಇಲ್ಲವೇ ಇಲ್ಲ. ಹಾಗಾಗಿ 2ಜಿ ಮಾತ್ರ ಹಿಡಿಯುವ ಅಜ್ಜನ ಹಳೇ ಕೀಪ್ಯಾಡ್ ಸೆಟ್ಟಿಗೆ ಆ ಸಿಮ್ ಹಾಕಿ ಪ್ರಯೋಜನವಿಲ್ಲ.

ಸಿಮ್ ಹಾಕುವ ಮೊದಲು ಟ್ರೇ ನೋಡಿ. ಕೆಲವು ಫೋನುಗಳಲ್ಲಿ ಎರಡನೇ ಸಿಮ್ ಅಥವಾ ಮೆಮೊರಿ ಕಾರ್ಡ್, ಎರಡರಲ್ಲಿ ಒಂದೇ ಕೂರುತ್ತದೆ. ಕಾರ್ಡಿಲ್ಲದೆ ಫೋನಿನೊಳಗೇ ಇರುವ ಇ-ಸಿಮ್ ಮಾಡಿಸಬಹುದು, ಆದರೆ ನಮ್ಮ ಕಡೆಗೆ ನಾನು ಕಾರ್ಡನ್ನೇ ಹೇಳುತ್ತೇನೆ. ಫೋನ್ ನೀರಿಗೆ ಬಿದ್ದರೆ ಕಾರ್ಡ್ ತೆಗೆದು ಮನೆಯಲ್ಲಿರುವ ಇನ್ನೊಂದು ಫೋನಿಗೆ ಹಾಕಿದರೆ ಕೆಲಸ ಆಯಿತು. ಇ-ಸಿಮ್ ಹಾಗೆ ತೆಗೆದು ಹಾಕಲು ಆಗುವುದಿಲ್ಲ.

ಇನ್ನು ಸೆಟ್ಟಿಂಗ್. ಮನೆಯಲ್ಲಿ ಯಾವುದು ಚೆನ್ನಾಗಿದೆಯೋ ಅದಕ್ಕೆ ಡೇಟಾ ಕೊಡಿ. ಡೇಟಾ ತಾನಾಗಿಯೇ ಇನ್ನೊಂದು ಸಿಮ್ಮಿಗೆ ಹೋಗುವ ಆಯ್ಕೆ ಈಗಿನ ಬಹಳಷ್ಟು ಫೋನುಗಳಲ್ಲಿದೆ, ಅದನ್ನು ಆನ್ ಮಾಡಿ. ನೆಟ್‌ವರ್ಕ್ ಆಯ್ಕೆ ಆಟೋಮ್ಯಾಟಿಕ್‌ನಲ್ಲೇ ಇರಲಿ. 2025ರ ಜನವರಿಯಿಂದ ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ಕಟ್ಟಿದ ಟವರ್‌ಗಳಲ್ಲಿ ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ ಒಂದರ 4ಜಿಯನ್ನು ಇನ್ನೊಂದರವರು ಬಳಸುವ ವ್ಯವಸ್ಥೆ ಶುರುವಾಗಿದೆ. ಅಂಥ ಟವರ್ ಹತ್ತಿರ ಇದ್ದರೆ ಫೋನೇ ಹಿಡಿದುಕೊಳ್ಳಲಿ.

ಒಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ಒಂದು ಸಿಮ್ಮಿನಲ್ಲಿ ಮಾತಾಡುತ್ತಿರುವಾಗ ಬಹಳಷ್ಟು ಫೋನುಗಳಲ್ಲಿ ಇನ್ನೊಂದು ಸಿಮ್ಮಿಗೆ ಕರೆ ಬರುವುದಿಲ್ಲ. ಬೆಂಗಳೂರಿನಿಂದ ಮಗಳು ಮಾಡಿದರೆ "ನಾಟ್ ರೀಚಬಲ್" ಅನ್ನುತ್ತದೆ, ಅಲ್ಲಿ ಅವಳಿಗೆ ಗಾಬರಿ. ಇದಕ್ಕೆ ಕಾಲ್ ಫಾರ್ವರ್ಡಿಂಗ್‌ನಲ್ಲಿ "ವೆನ್ ಅನ್‌ರೀಚಬಲ್" ಎಂಬಲ್ಲಿ ಒಂದನೇ ಸಿಮ್ಮಿಗೆ ಎರಡನೆಯದರ ನಂಬರ್, ಎರಡನೆಯದಕ್ಕೆ ಒಂದನೆಯದರ ನಂಬರ್ ಹಾಕಿ. ಕಾಲ್ ವೇಟಿಂಗ್ ಆನ್ ಇರಲಿ. ಒಂದು ಟವರ್ ಸತ್ತರೂ ಆ ನಂಬರಿನ ಕರೆ ಇನ್ನೊಂದಕ್ಕೆ ಬರುತ್ತದೆ. ಇದನ್ನು ಫೋನಿನ ಸೆಟ್ಟಿಂಗ್ಸ್‌ನಲ್ಲೇ ಮಾಡಿ, ಆಗದಿದ್ದರೆ ಕಸ್ಟಮರ್ ಕೇರ್‌ಗೆ ಹೇಳಿ. ಯಾರೋ ಫೋನ್ ಮಾಡಿ "*401 ಒತ್ತಿ" ಎಂದರೆ ಒತ್ತಲೇಬೇಡಿ, ನಿಮ್ಮ ಕರೆಗಳನ್ನು ತಮ್ಮ ಕಡೆ ತಿರುಗಿಸಿಕೊಂಡು ಒಟಿಪಿ ಕದಿಯುವವರ ದಾರಿ ಅದು.

ಮನೆಗೆ ಫೈಬರ್ ಇಂಟರ್ನೆಟ್ ಇದ್ದರೆ ವೈಫೈ ಮೂಲಕವೇ ಕರೆ ಹೋಗುವ ವೈಫೈ ಕಾಲಿಂಗ್ ಆನ್ ಮಾಡಿ, ರೂಟರನ್ನು ಇನ್ವರ್ಟರಿಗೆ ಹಾಕಿ. ಬ್ಯಾಂಕಿಗೆ ಕೊಟ್ಟ ನಂಬರ್, ಮನೆಯೊಳಗೆ ಸಿಗ್ನಲ್ ಸಿಗುವ ಸಿಮ್ಮಿನದೇ ಆಗಿರಲಿ. ಒಟಿಪಿಗಾಗಿ ಮಳೆಯಲ್ಲಿ ಗುಡ್ಡ ಹತ್ತುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಸಿಗ್ನಲ್ಲೇ ಇಲ್ಲದ ಕಡೆ ದಿನವಿಡೀ ಕೆಲಸವಿದ್ದರೆ ಆ ಸಿಮ್ ಆಫ್ ಮಾಡಿಡಿ. ಟವರ್ ಹುಡುಕಿ ಹುಡುಕಿಯೇ ಫೋನು ಬ್ಯಾಟರಿ ತಿಂದುಬಿಡುತ್ತದೆ. ತುರ್ತಿಗೆ 112 ಒತ್ತಿದರೆ, ನಿಮ್ಮ ಎರಡೂ ಕಂಪನಿಗಳ ಸಿಗ್ನಲ್ ಇಲ್ಲದಿದ್ದರೂ ಅಲ್ಲಿರುವ ಬೇರೆ ಕಂಪನಿಯ ಮೂಲಕ ಕರೆ ಹೋಗುತ್ತದೆ. ಇದನ್ನು ಮನೆಯ ಎಲ್ಲರಿಗೂ ಹೇಳಿಡಿ.

ಎರಡನೇ ಸಿಮ್ಮಿಗೆ ದಿನಕ್ಕೆ ಎರಡು ಜಿಬಿಯ ಪ್ಯಾಕ್ ಬೇಕಿಲ್ಲ. 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ತಂದ ನಿಯಮದಂತೆ ಪ್ರತಿ ಕಂಪನಿಯೂ ಬರೀ ಕರೆ ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕ್ ಒಂದನ್ನಾದರೂ ಕೊಡಲೇಬೇಕು. ಅಂಗಡಿಯಲ್ಲಿ ಅದನ್ನೇ ಕೇಳಿ. ರೀಚಾರ್ಜ್ ಮಾಡಲಿಕ್ಕೂ ಸಿಗ್ನಲ್ ಬೇಕು, ಹಾಗಾಗಿ ಮೇ ತಿಂಗಳಲ್ಲೇ ಅವಧಿ ಅಕ್ಟೋಬರ್ ದಾಟುವಂತೆ ಹಾಕಿಸಿಡಿ.