ಗೇಮ್ ಆಡೋವಾಗ ಪಿಸಿ ಟಪ್ ಅಂತ ಆಫ್ ಆಗ್ತದಾ? ಮೊದ್ಲು ಇದು ನೋಡ್ರಿ

ನಮ್ಮ ರಾಯಚೂರು ಬಿಸಲಾಗ ಗೇಮ್ ಹಚ್ಚಿದ ಸ್ವಲ್ಪ ಹೊತ್ತಿಗೇ ಪಿಸಿ ಬಂದ್ ಆದ್ರ ಗಾಬರಿಯಾಗಿ ವಿಂಡೋಸ್ ಹೊಸದಾಗಿ ಹಾಕ್ಸಾಕ ಓಡಬ್ಯಾಡ್ರಪ್ಪಾ, ಹೆಂಗ ಬಂದ್ ಆಗ್ತದ ಅನ್ನೋದರ ಮ್ಯಾಲೇ ಅರ್ಧ ಉತ್ತರ ಸಿಗ್ತದ. ಗೇಮ್ ಒಂದೇ ಮುಚ್ಚಿದ್ರ ಗ್ರಾಫಿಕ್ಸ್ ಡ್ರೈವರ್ ಇಲ್ಲಾ ಗೇಮ್ ಫೈಲ್ ನೋಡ್ರಿ. ನೀಲಿ ಸ್ಕ್ರೀನ್ ಬಂದ್ರ ರ‍್ಯಾಮ್ ಮ್ಯಾಲೂ ಅನುಮಾನ ಇರ್ಲಿ, ಬಯೋಸ್‌ನಾಗ ಎಕ್ಸ್‌ಎಂಪಿ (ರ‍್ಯಾಮ್ ವೇಗ ಹೆಚ್ಚು ಮಾಡೋ ಸೆಟ್ಟಿಂಗ್) ಆಫ್ ಮಾಡಿ ಆಡಿ ನೋಡ್ರಿ.

ಕರೆಂಟ್ ಹೋದಂಗ ಟಪ್ ಅಂದ್ರ ಮಾತ್ರ ಹೆಚ್ಚಾಗಿ ಹೀಟ್ ಇಲ್ಲಾ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಡಬ್ಬಿ) ಕಾರಣ. ವಿಂಡೋಸ್ ತನ್ನ ತೊಂದರಿ ಬರದಿಡೋ ಈವೆಂಟ್ ವ್ಯೂವರ್‌ನಾಗ ಕರ್ನಲ್-ಪವರ್ 41 ಅಂತ ಕಾಣ್ತದ, ಅದು ಬರೇ ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತ ಹೇಳ್ತದ, ಕಾರಣ ಹೇಳಂಗಿಲ್ಲ, ಅದನ್ನ ಹಿಡ್ಕೊಂಡು ತಲಿ ಕೆಡಿಸ್ಕೊಬ್ಯಾಡ್ರಿ. ಆಡೋವಾಗ ಟೆಂಪರೇಚರ್ ನೋಡ್ರಿ, ಪ್ರೊಸೆಸರ್ 95 ಡಿಗ್ರಿ ಸೆಲ್ಸಿಯಸ್ ದಾಟಿ ನಿಂತ್ರ ಪ್ಲಗ್ ಕಿತ್ತು ಧೂಳು ಊದ್ರಿ (ಫ್ಯಾನ್ ರೆಕ್ಕಿ ಬೆರಳಿನಾಗ ಹಿಡ್ಕೊಂಡು, ಗರಗರ ತಿರಗಾಕ ಬಿಡಬ್ಯಾಡ್ರಿ), ಪ್ರೊಸೆಸರ್‌ಗೂ ಕೂಲರ್‌ಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿದ್ರ ಹೊಸದು ಹಚ್ರಿ, ಕ್ಯಾಬಿನೆಟ್ಟು ಗ್ವಾಡಿಗೆ ಆನಿಸಿ ಇಡಬ್ಯಾಡ್ರಿ.

ಹೀಟ್ ಕಮ್ಮಿ ಇದ್ರೂ ಬಂದ್ ಆಗ್ತದಂದ್ರ ಗೆಳೆಯಾರ ಕಡಿಂದ ಒಳ್ಳೆ ಎಸ್‌ಎಂಪಿಎಸ್ ತಂದು ಹಾಕಿ ನೋಡ್ರಿ, ಕ್ಯಾಬಿನೆಟ್ ಜೋಡಿ ಬರೋ ಅಗ್ಗದ್ದಕ್ಕ ಗ್ರಾಫಿಕ್ಸ್ ಕಾರ್ಡ್ ಲೋಡ್ ತಡಿಯಾಕ ಆಗಂಗಿಲ್ಲ. ಆದ್ರ ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬ್ಯಾಡ್ರಿ, ಪ್ಲಗ್ ತಗದ್ರೂ ಒಳಗ ಕರೆಂಟ್ ಇರ್ತದ.