ಬಾದಾಮಿ ಗುಹೆಗೆ ಹೊಂದುವ ಅಗ್ಗದ ಕ್ಯಾಮೆರಾ ಹುಡುಕಿದ್ದು

ನನಗೆ ಬೇಕಾಗಿದ್ದು ಹೆಗಲ ಚೀಲದ ಮೂಲೆಯಲ್ಲಿ ಕೂರುವ ಸಣ್ಣ ಕ್ಯಾಮೆರಾ. ಆದರೆ ಅಪರ್ಚರ್ (ಬೆಳಕು ಒಳಬರುವ ಕಿಂಡಿ), ಶಟರ್ (ಬೆಳಕು ಬೀಳುವ ಹೊತ್ತು), ಫೋಕಸ್ ಮೂರೂ ನನ್ನ ಕೈಯಲ್ಲಿರಬೇಕು. ಹತ್ತು-ಹನ್ನೆರಡು ಸಾವಿರ ದಾಟಬಾರದು. ಇರೋದು ಬಾಗಲಕೋಟೆ, ರಜೆ ಸಿಕ್ಕರೆ ಬಾದಾಮಿ, ಐಹೊಳೆ, ಪಟ್ಟದಕಲ್ಲು ಸುತ್ತಾಟ. ತೆಗೆಯೋದು ಜಾಸ್ತಿ ಶಾಸನ, ವೀರಗಲ್ಲು, ಕಂಬದ ಕೆತ್ತನೆ. "ಮೊಬೈಲ್ ಐತೆಲ್ಲ, ಮತ್ಯಾಕ್ರೀ ಕ್ಯಾಮೆರಾ?" ಅಂತ ಕೇಳದವರಿಲ್ಲ.

ಮೊಬೈಲ್ ಚೆನ್ನಾಗಿಯೇ ತೆಗೆಯುತ್ತದೆ, ನನ್ನ ತಕರಾರೂ ಅದೇ. ಕಲ್ಲಿನ ಮೇಲಿನ ಅಕ್ಷರ ಕಾಣೋದು ನೆರಳಿನಿಂದ. ಪಕ್ಕದಿಂದ ಬೆಳಕು ಬಿದ್ದು ಪ್ರತಿ ಗೀರಿನ ಒಂದು ಅಂಚು ಕಪ್ಪಾದರೆ ಓದಬಹುದು. ಮೊಬೈಲ್ ಕತ್ತಲೆ ಕಂಡ ಕಡೆಯೆಲ್ಲ ತಾನೇ ಬೆಳಕು ತುಂಬಿ ಆ ನೆರಳನ್ನೇ ಅಳಿಸಿಬಿಡುತ್ತದೆ. ಫ್ಲ್ಯಾಶ್ ಹೊಡೆದರೂ ಅಷ್ಟೇ, ಕಲ್ಲು ಚಪ್ಪಟೆ. ಟ್ರೈಪಾಡ್ ಇಡೋಣ ಅಂದ್ರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಹಾಗಾಗಿ ಕೈಯಲ್ಲೇ ಹಿಡಿದು, ಮಬ್ಬು ಬೆಳಕಿನಲ್ಲಿ ತೆಗೆಯಬೇಕು. ಈ ಒಂದು ಮಾತು ಹಿಡಿದುಕೊಂಡ ಮೇಲೆ ಆಯ್ಕೆ ತಾನಾಗಿಯೇ ಸಣ್ಣದಾಯಿತು.

ಈ ಬೆಲೆಗೆ ಹೊಸದಾಗಿ ಸಿಗುವ ಸಣ್ಣ ಕ್ಯಾಮೆರಾಗಳನ್ನು ಮೊದಲೇ ಬಿಟ್ಟೆ. ಮೆಗಾಪಿಕ್ಸೆಲ್ ಬೇಕಾದಷ್ಟು, ಝೂಮ್ ಬೇಕಾದಷ್ಟು, ಆದರೆ ಬೆಳಕು ಹಿಡಿಯುವ ಸೆನ್ಸರ್ ಸಣ್ಣದು, ಮ್ಯಾನುಯಲ್ ಅನ್ನೋದು ಹೆಸರಿಗೂ ಇಲ್ಲ. ಉಳಿದದ್ದು 2010ರಿಂದ 2012ರ ನಡುವಿನ ಹಳೇ ಮಾಡೆಲ್‌ಗಳು, ಸೆಕೆಂಡ್ ಹ್ಯಾಂಡ್. ಕ್ಯಾನನ್ ಎಸ್95, ಪ್ಯಾನಸೋನಿಕ್ ಎಲ್ಎಕ್ಸ್5 ಮತ್ತು ಎಲ್ಎಕ್ಸ್7, ಒಲಿಂಪಸ್ ಎಕ್ಸ್‌ಝಡ್-1, ಸೋನಿ ಆರ್‌ಎಕ್ಸ್100. ಎಲ್ಲದರಲ್ಲೂ ರಾ ಫೈಲ್ (ಕ್ಯಾಮೆರಾ ತಿದ್ದದ ಕಚ್ಚಾ ಫೋಟೋ) ಬರುತ್ತದೆ, ಪೂರ್ತಿ ಮ್ಯಾನುಯಲ್ ಇದೆ.

ಎಲ್ಲರೂ ಹೇಳೋದು ಸೋನಿ ತಗೋ ಅಂತ, ಅದರ ಸೆನ್ಸರ್ 'ಒಂದಿಂಚು' ಅಂತ ಕರೆಯುವ ಅಳತೆಯದು, ಉಳಿದವಕ್ಕಿಂತ ದೊಡ್ಡದು. ಸರಿ, ಆದರೆ ಲೆನ್ಸ್ ನೋಡಿ. ಝೂಮ್ ಮಾಡದೆ ಇದ್ದಾಗ ಎಫ್ 1.8, ಪೂರ್ತಿ ಝೂಮ್ ಮಾಡಿದರೆ ಎಫ್ 4.9ಕ್ಕೆ ಇಳಿಯುತ್ತದೆ (ಈ ಅಂಕಿ ಸಣ್ಣದಾದಷ್ಟೂ ಬೆಳಕು ಜಾಸ್ತಿ). ಎಲ್ಎಕ್ಸ್7ದು 1.4ರಿಂದ ಶುರುವಾಗಿ ಪೂರ್ತಿ ಝೂಮ್‌ನಲ್ಲೂ 2.3. ಅಂದ್ರೆ ಆ ತುದಿಯಲ್ಲಿ ಸೆನ್ಸರ್‌ನ ಅಷ್ಟೇ ಜಾಗದ ಮೇಲೆ ಬೀಳುವ ಬೆಳಕು ಸೋನಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ. ಕಂಬದ ಮೇಲುಗಡೆಯ ಕೆತ್ತನೆಯನ್ನು ನಾನು ತೆಗೆಯೋದೇ ಆ ತುದಿಯಲ್ಲಿ, ಸಣ್ಣ ಸೆನ್ಸರ್‌ನ ನಷ್ಟ ಅಲ್ಲೇ ತುಂಬಿಹೋಯ್ತು. ಇನ್ನೊಂದು, ಎಲ್ಎಕ್ಸ್7ರಲ್ಲಿ ಅಪರ್ಚರ್ ಬದಲಿಸೋಕೆ ಲೆನ್ಸ್ ಸುತ್ತಲೇ ರಿಂಗ್ ಇದೆ, ಕಟ್ ಕಟ್ ಅಂತ ತಿರುಗುತ್ತದೆ, ಮೆನುವಿನೊಳಗೆ ಹುಡುಕಾಟ ಇಲ್ಲ. ಮೆನುವಿನಲ್ಲಿ ಅಡಗಿದ ಮ್ಯಾನುಯಲ್ ಇದ್ದೂ ಇಲ್ಲದ ಹಾಗೆ. ಕೊರತೆಯೂ ಉಂಟು. ಮುಚ್ಚಳ ಕೈಯಿಂದಲೇ ತೆಗೆಯಬೇಕು, ಸುಮ್ನೆ ಕಿರಿಕಿರಿ. ಈ ವಿಷಯದಲ್ಲಿ ಎಸ್95 ವಾಸಿ, ಜೇಬಿಗೂ ಹಿಡಿಯುತ್ತದೆ.

ಕೊನೆಗೆ ಎಲ್ಎಕ್ಸ್7 ಸಿಕ್ಕಿದ್ದು ಬೆಳಗಾವಿಯಲ್ಲಿ, ಮದುವೆ ಫೋಟೋ ತೆಗೆಯುವ ಒಬ್ಬರ ಹತ್ತಿರ. "ಅಕ್ಕಾರ, ಇದನ್ಯಾಕ ಒಯ್ತೀರಿ, ಯಾರೂ ಕೇಳಂಗಿಲ್ಲ ಈಗ" ಅಂದರು, ರೇಟು ಮಾತ್ರ ಇಳಿಸಲಿಲ್ಲ! ಈಚೆಗೆ ಕಾಲೇಜು ಹುಡುಗರಿಗೆ ಹಳೇ ಕ್ಯಾಮೆರಾ ಹುಚ್ಚು ಹಿಡಿದಿದೆ, ಅದು ಅವರಿಗೂ ಗೊತ್ತು.

ದುಡ್ಡು ಕೊಡುವ ಮೊದಲು ಅಲ್ಲೇ ಕೂತು ನೋಡಿದೆ. ಅಪರ್ಚರ್ ಎಫ್ 8ಕ್ಕೆ ಇಟ್ಟು, ಫೋಕಸ್ ಬೇಕಂತಲೇ ಮಸುಕು ಮಾಡಿ, ಬಿಳಿ ಗೋಡೆಯ ಫೋಟೋ ತೆಗೆದು ದೊಡ್ಡದು ಮಾಡಿದರೆ ಸೆನ್ಸರ್ ಮೇಲಿನ ಧೂಳು ಬೂದು ಚುಕ್ಕೆಯಾಗಿ ಕಾಣುತ್ತದೆ. ನಮ್ಮ ಕಡೆ ಇದನ್ನು ಬಿಡಲೇಬಾರದು. ಎರೆಮಣ್ಣಿನ ಧೂಳು, ಲೆನ್ಸ್ ಹೊರಗೆ-ಒಳಗೆ ಹೋಗುವಾಗೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ. ಲೆನ್ಸ್ ಬಿಚ್ಚಿ ಒರೆಸೋಕೆ ಇದೇನು ಡಿಎಸ್ಎಲ್ಆರ್ ಅಲ್ಲವಲ್ಲ. ಆಮೇಲೆ ಲೆನ್ಸ್ ಮುಚ್ಚಿ ಕೆಲವು ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟು ಉರಿಯುವ ಪಿಕ್ಸೆಲ್ (ಕತ್ತಲಲ್ಲೂ ಹೊಳೆಯುವ ಕೆಟ್ಟ ಚುಕ್ಕೆ) ಎಷ್ಟಿವೆ ನೋಡಿದೆ. ಝೂಮ್ ಮಾಡುವಾಗ ಕರಕರ ಸದ್ದು ಬಂದಿದ್ದರೆ ಎದ್ದು ಬರುತ್ತಿದ್ದೆ.

ಬಾದಾಮಿಯ ಮೂರನೇ ಗುಹೆ, ಚಾಲುಕ್ಯರ ಮಂಗಳೇಶನ ಕ್ರಿ.ಶ. 578ರ ಶಾಸನ ಇರುವ ಜಾಗ. ಅಲ್ಲಿ ನಾನು ಶುರು ಮಾಡೋದು ಹೀಗೆ: ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400, ಎಫ್ 2, ಶಟರ್ 1/15 ಸೆಕೆಂಡ್. ಕಂಬಕ್ಕೆ ಒರಗದೆ ನೆಲಕ್ಕೆ ಕೂತು, ಮೊಣಕೈ ಮೊಣಕಾಲಿಗೆ ಕೊಟ್ಟು, ಎರಡು ಸೆಕೆಂಡ್ ಟೈಮರ್ ಹಾಕುತ್ತೇನೆ. ಬಟನ್ ಒತ್ತುವ ಅಲುಗಾಟ ಅಷ್ಟರಲ್ಲಿ ನಿಂತಿರುತ್ತದೆ. ವೈಟ್ ಬ್ಯಾಲೆನ್ಸ್‌ಗೆ, ಅಂದ್ರೆ ಬಣ್ಣದ ಹೊಂದಾಣಿಕೆಗೆ, ಒಂದು ಬಿಳಿ ಹಾಳೆ ತೋರಿಸಿ ಲಾಕ್ ಮಾಡುತ್ತೇನೆ. ಆಟೋದಲ್ಲಿ ಬಿಟ್ಟರೆ ಅಲ್ಲಿನ ಕೆಂಪು ಮರಳುಗಲ್ಲನ್ನು ಕ್ಯಾಮೆರಾ ತಾನೇ ತಿದ್ದಿ ಸಪ್ಪೆ ಮಾಡುತ್ತದೆ. ಬಾವಲಿ ವಾಸನೆಗೆ ಮಾತ್ರ ಯಾವ ಸೆಟ್ಟಿಂಗೂ ಇಲ್ಲ.

ತಗೊಳ್ಳುವವರು ಚಾರ್ಜರ್ ಕೇಳಿ ಪಡೆಯಿರಿ, ಬ್ಯಾಟರಿ ಉಬ್ಬಿದೆಯಾ ಬೆರಳಿಂದ ಸವರಿ ನೋಡಿ. ನಾನು ಬೇರೆ ಕಂಪನಿಯ ಎರಡನೇ ಬ್ಯಾಟರಿ ತರಿಸಿಕೊಂಡೆ, ಅಸಲಿನಷ್ಟು ಬಾಳುವುದಿಲ್ಲ, ಐಹೊಳೆ ಮುಗಿಸಿ ಪಟ್ಟದಕಲ್ಲಿಗೆ ಹೋಗುವಷ್ಟು ಬರುತ್ತದೆ.